ಉಪ್ಪುನೀರಿನ ತೊಟ್ಟಿಯೂ ಎತ್ತಿನ ಹೊಟ್ಟೆಯೂ

ಒಂದು ಜಾತಿಯ ಜೀವಿಯು ಬೇರೊಂದು ಜಾತಿಯ ಜೀವಿಯ ಸಂಗಡ ನೆರೆಹೊರೆಯಾಗಿದ್ದು, ಅದರಿಂದ ತಾನೂ ತನ್ನಿಂದ ಅದೂ ಉಪಕಾರವನ್ನು ಹೊಂದುತ್ತ ಬಾಳುವ ಕ್ರಮಕ್ಕೆ ಸಹಜೀವನವೆಂದು ಹೆಸರು. ಜರ್ಮನಿ ದೇಶದ ಸಸ್ಯಶಾಸ್ತ್ರಜ್ಞರಾದ ಆಂಟನ್ ಡಿ ಬಾರಿ ಎಂಬವರು ೧೮೭೯ನೆಯ ಇಸವಿಯಲ್ಲಿ ಬೇರೆ ಬೇರೆ ಜಾತಿಯ ಜೀವಿಗಳ ಕೂಡುಬಾಳುವೆಗೆ ಶಾಸ್ತ್ರದಲ್ಲಿ ಒಂದು ಹೆಸರನ್ನಿಟ್ಟು ಪ್ರಕಟಿಸಿದರು. ಹೆಸರು ಹೊಸದಾದರೂ ಸಂಗತಿಯು ಹೊಸದಲ್ಲ. ಎಮ್ಮೆಯ ಬೆನ್ನನ್ನೇರಿ ಉಣ್ಣೆಹುಳುಗಳನ್ನು ಹೆಕ್ಕುವ ಕಾಗೆಯನ್ನೂ, ನೇಗಿಲ ಸಾಲಿನ ಹಿಂದೆ ಹುಳು ಆರಿಸುತ್ತ ನಡೆಯುವ ಬೆಳ್ಳಕ್ಕಿಯನ್ನೂ ಕಾಣದ ಒಕ್ಕಲಿಗರು ಯಾರಿದ್ದಾರೆ?

ಪ್ರಸಕ್ತ ಲೇಖನದಲ್ಲಿ ಮೊದಲು ಸಮುದ್ರದ ಪ್ರಾಣಿಗಳ ಸಹಜೀವನವನ್ನೂ, ಅವನ್ನು ಉಪ್ಪುನೀರಿನ ಗಾಜಿನ ತೊಟ್ಟಿಗಳಲ್ಲಿ ಸಾಕುವವರು ಅನುಭವದಿಂದ ಕಲಿತಿರುವ ಕೆಲವು ಕಟ್ಟಳೆಗಳನ್ನೂ ಹೇಳಿ, ತರುವಾಯ ಅವೇ ಕಟ್ಟಳೆಗಳು ನಮ್ಮ ಉಳುವ ಎತ್ತಿನ ಹೊಟ್ಟೆಯೊಳಗೆ ಹೇಗೆ ನಡೆಯುತ್ತಿರುವುವೆಂಬುದನ್ನು ವಿವರಿಸುವೆನು. ತುಂಗಭದ್ರೆಯ ದಂಡೆಯ ಮಾಗಳದಂತಹ ಊರಿನವರಿಗೆ ಕಡಲ ಮೀನಿನ ಸಮಾಚಾರದಿಂದ ಆಗತಕ್ಕ ಪ್ರಯೋಜನವೇನೆಂದು ಕೆಲವರು ಕೇಳಬಹುದು. ಕಳೆದ ಸುಗ್ಗಿಯಲ್ಲಿ ಮಾಗಳದ ಒಂದು ಕಣದಲ್ಲಿ ಒಳ್ಳೆಯ ಪ್ರಾಯದ ಎತ್ತೊಂದು ಸತ್ತಿತು. ನಾನು ಅಲ್ಲಿಗೆ ಹೋದಾಗ ಅದರ ಯಜಮಾನರು, “ಸಾಹೇಬ್ರ, ಹಸಿದು ಸತ್ತ ದನ ನಾವು ಕಂಡೀವಿ, ಹೊಟ್ಟಿ ತುಂಬ ತಿಂದು ಸತ್ತದ್ದು ಹ್ಯಾಂಗ?” ಎಂದು ಕೇಳಿದರು. ಆ ಪ್ರಶ್ನೆಗೆ ಅಂದು ನಾನು ನೆಟ್ಟಗೆ ಉತ್ತರ ಕೊಡಲಾರದೆ ಹೋದೆನು. ಉತ್ತರವು ಸ್ವಲ್ಪ ಉದ್ದವಾದುದು. ಕಡಲಿನಿಂದ ಆರಂಭಿಸಿದರೆ ಸುಲಭವಾಗಿ ತಿಳಿಯುವುದು.

ಸಮುದ್ರದ ತಳದಲ್ಲಿ ಬಂಡೆಗಳಿಗೆ ಅಂಟಿಕೊಂಡು, ನೋಡುವವರಿಗೆ ಸೇವಂತಿಗೆಯ ಹೂವಿನಂತೆ ತೋರುವ ಒಂದು ಪ್ರಾಣಿಯುಂಟು. ಅದನ್ನು ಕಡಲ ಹೂ ಎಂದು ಕರೆಯೋಣ. ಅದರ ಎಸಳುಗಳು ನಿಜವಾಗಿ ಎಸಳುಗಳಲ್ಲ, ತೋಳುಗಳು. ಅವುಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣವಾದ ವಿಷದ ಮುಳ್ಳುಗಳು ಅಡಗಿರುತ್ತವೆ. ತಾಗಿದ ಸಣ್ಣ ಮೀನು ಒಡನೆಯೇ ಜೋಮುಗಟ್ಟಿ ಅದಕ್ಕೆ ಆಹಾರವಾಗುವುದು. ಹೀಗಿರಲಾಗಿ, ಕಿತ್ತಳೆ ಬಣ್ಣದ ಮೈಮೇಲೆ ಬಿಳಿಯ ಪಟ್ಟೆಗಳುಳ್ಳ ಕೋಡಂಗಿ ಮೀನೆಂಬ ಬೆರಳುದ್ದದ ಮೀನು ಮಾತ್ರ ಆ ತೋಳುಗಳ ನಡುವೆಯೇ ಮನೆ ಮಾಡಿಕೊಂಡು, ಅಲ್ಲಿಯೇ ಮಲಗಿ, ಅದರ ಬುಡದಲ್ಲಿಯೇ ಮೊಟ್ಟೆಯಿಟ್ಟು ಸುಖವಾಗಿರುವುದು. ಅದರ ಮೈಯ ಲೋಳೆಯು ಅದನ್ನು ವಿಷದಿಂದ ಕಾಪಾಡುತ್ತದೆ. ದೊಡ್ಡ ಮೀನುಗಳು ಅಟ್ಟಿಸಿಕೊಂಡು ಬಂದರೆ ಅದಕ್ಕೆ ಕಡಲ ಹೂವೇ ಕೋಟೆ. ಇದಕ್ಕೆ ಪ್ರತಿಯಾಗಿ ಕೋಡಂಗಿ ಮೀನು ಕಡಲ ಹೂವಿನ ತೋಳುಗಳನ್ನು ಕಚ್ಚಿ ತಿನ್ನಬಂದ ಚಿಟ್ಟೆಮೀನುಗಳನ್ನು ಗಾತ್ರದಲ್ಲಿ ತನಗಿಂತ ದೊಡ್ಡವಾದರೂ ಬೆನ್ನಟ್ಟಿ ಓಡಿಸುವುದು; ರೆಕ್ಕೆಗಳಿಂದ ನೀರನ್ನು ಬೀಸಿ ಅದಕ್ಕೆ ಹೊಸಗಾಳಿಯನ್ನು ಒದಗಿಸುವುದು. ಅದರ ಮಲಮೂತ್ರಗಳೂ ವ್ಯರ್ಥವಾಗುವುದಿಲ್ಲ. ಕಡಲ ಹೂವಿನ ಮಾಂಸದೊಳಗೆ ಅತಿ ಸೂಕ್ಷ್ಮವಾದ ಪಾಚಿಗಳು ವಾಸವಾಗಿದ್ದು, ಬಿಸಿಲಿನ ಬಲದಿಂದ ಸಕ್ಕರೆಯನ್ನು ಸಿದ್ಧಪಡಿಸಿ ಮನೆಯ ಬಾಡಿಗೆಯೋ ಎಂಬಂತೆ ಅದರ ಬಹುಭಾಗವನ್ನು ಕಡಲ ಹೂವಿಗೆ ಕೊಡುತ್ತವೆ. ಆ ಪಾಚಿಗೆ ಮೀನಿನ ಹೊಲಸೇ ಗೊಬ್ಬರ. ಗೊಬ್ಬರದ ಗುಂಡಿಯ ಮಹಿಮೆಯನ್ನು ಬಲ್ಲ ನಮ್ಮ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರಸಂಗವಶದಿಂದ ಒಂದು ಮಾತು. ಕೋಡಂಗಿ ಮೀನುಗಳೆಲ್ಲ ಮೊದಲು ಗಂಡಾಗಿಯೇ ಬೆಳೆಯುತ್ತವೆ. ಒಂದು ಕಡಲ ಹೂವಿನಲ್ಲಿರುವ ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣು; ಅದು ಸತ್ತರೆ ಅದರ ಜೊತೆಯ ಗಂಡು ಮೀನೇ ಕೆಲವು ವಾರಗಳಲ್ಲಿ ಹೆಣ್ಣಾಗಿ ಮಾರ್ಪಡುತ್ತದೆ. ನಂಬಲು ಕಷ್ಟವಾದರೂ ಇದು ಪರೀಕ್ಷಿಸಿ ನಿಶ್ಚಯಿಸಿದ ಸಂಗತಿ.

ಈ ಮೀನುಗಳು ಲಕ್ಷದ್ವೀಪ, ಮನ್ನಾರ್ ಕೊಲ್ಲಿ ಮೊದಲಾದ ಹವಳದ ನೆಲೆಗಳಲ್ಲಿ ವಾಸಿಸುತ್ತವೆ. ಹವಳವೂ ಇಂತಹುದೇ ಪಾಚಿಯೊಡನೆ ಸಹಜೀವನ ನಡೆಸುವ ಪ್ರಾಣಿಯಾಗಿರುತ್ತದೆ. ನಮ್ಮ ರಾಜ್ಯದಲ್ಲಿಯೂ ಉತ್ತರ ಕನ್ನಡ ಜಿಲ್ಲೆಯ ಮುರ್ಡೇಶ್ವರದಿಂದ ಕಡಲೊಳಗೆ ಸುಮಾರು ೧೯ ಕಿಲೋಮೀಟರು ದೂರದಲ್ಲಿರುವ ನೇತ್ರಾಣಿ ದ್ವೀಪದ ಸುತ್ತ ಜೀವಂತ ಹವಳವು ಇದೆ. ೧೯೯೮ರಲ್ಲಿಯೂ ಮತ್ತೆ ೨೦೧೬ರಲ್ಲಿಯೂ ಹಿಂದೂ ಮಹಾಸಾಗರದ ನೀರು ಮಾಮೂಲಿಗಿಂತ ಒಂದೆರಡು ಡಿಗ್ರಿಗಳಷ್ಟು ಹೆಚ್ಚು ಕಾದು ಕೆಲವು ವಾರ ಹಾಗೆಯೇ ನಿಂತಾಗ, ಲಕ್ಷದ್ವೀಪದ ಹವಳಗಳು ತಮ್ಮೊಳಗಿನ ಪಾಚಿಯನ್ನು ಹೊರಹಾಕಿ ಸುಣ್ಣದಂತೆ ಬೆಳ್ಳಗಾದುವು, ಬಹಳಷ್ಟು ಸತ್ತುವು. ಒಂದೆರಡು ಡಿಗ್ರಿಗಳೆಂದರೆ ನಮಗೆ ಹೊದಿಕೆ ತೆಗೆಯುವಷ್ಟೂ ವ್ಯತ್ಯಾಸವಲ್ಲ. ಹವಳವು ಬಿಸಿಗೆ ಬೆಂದು ಸತ್ತದ್ದಲ್ಲ, ಒಡನಾಡಿಯನ್ನು ಕಳೆದುಕೊಂಡು ಆಹಾರವಿಲ್ಲದೆ ಸತ್ತದ್ದು ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಎತ್ತಿನ ವಿಷಯಕ್ಕೆ ಬಂದಾಗ ಈ ಮಾತು ಮತ್ತೆ ಬೇಕಾಗುವುದು.

ಸಹಜೀವನದ ಇತರ ಜೋಡಿಗಳು ಹಲವಿವೆ. ಮರಳಿನಲ್ಲಿ ಬಿಲ ತೋಡುವ ಒಂದು ಜಾತಿಯ ಸೀಗಡಿಗೆ ಕಣ್ಣು ಬಹಳ ಮಂದ. ಅದು ತೋಡಿದ ಬಿಲದಲ್ಲಿ ಒಂದು ಸಣ್ಣ ಮೀನು ಪುಕ್ಕಟೆಯಾಗಿ ವಾಸಿಸುತ್ತ ಬಾಗಿಲ ಕಾವಲುಗಾರನಾಗಿರುವುದು. ಸೀಗಡಿಯು ಹೊರಬಂದಾಗಲೆಲ್ಲ ತನ್ನ ಮೀಸೆಯನ್ನು ಮೀನಿನ ಮೈಗೆ ತಾಗಿಸಿಕೊಂಡೇ ಇರುತ್ತದೆ. ಅಪಾಯ ಕಂಡರೆ ಮೀನು ಬಾಲವನ್ನು ಅದುರಿಸುವುದು, ಇಬ್ಬರೂ ಬಿಲ ಸೇರುವರು. ಇನ್ನೊಂದು ಪುಟ್ಟ ಮೀನು ಹವಳದ ಬಂಡೆಯ ಬಳಿ ಗೊತ್ತಾದ ಒಂದು ಸ್ಥಳದಲ್ಲಿ ಕ್ಷೌರಿಕರ ಅಂಗಡಿಯಂತೆ ಕಾದಿದ್ದು, ಅಲ್ಲಿಗೆ ಬರುವ ದೊಡ್ಡ ಮೀನುಗಳ ಮೈಮೇಲಿನ ಹಾಗೂ ಬಾಯೊಳಗಿನ ಹೇನುಗಳನ್ನು ತಿಂದು ಶುಚಿಮಾಡಿ ಕಳುಹಿಸುವುದು. ಅದೇ ಬಣ್ಣ, ಅದೇ ನಡಿಗೆಯನ್ನು ಹೊಂದಿದ ಬೇರೊಂದು ಮೀನು ಅದರ ವೇಷದಲ್ಲಿ ಬಂದು, ನಂಬಿ ನಿಂತ ದೊಡ್ಡ ಮೀನಿನ ರೆಕ್ಕೆಯನ್ನೇ ಕಚ್ಚಿ ಓಡುವುದೂ ಉಂಟು. ಮುಂಗಾರಿನ ಮುಂಚೆ ಕಳಪೆ ಬೀಜವನ್ನು ಹೆಸರುಳ್ಳ ಚೀಲದಲ್ಲಿ ತುಂಬಿ ಮಾರುವವರು ಕಡಲಿನಲ್ಲಿಯೂ ಇದ್ದಾರೆಂದಾಯಿತು.

ಇಂತಹ ಪ್ರಾಣಿಗಳನ್ನು ಗಾಜಿನ ತೊಟ್ಟಿಯಲ್ಲಿಟ್ಟು ಜನರಿಗೆ ತೋರಿಸುವ ಪದ್ಧತಿಯು ೧೮೫೩ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಆರಂಭವಾಯಿತು. ನಮ್ಮ ದೇಶದಲ್ಲಿ ೧೯೪೭ರಲ್ಲಿ ಸ್ಥಾಪಿತವಾಗಿ, ಕಾರವಾರದಲ್ಲಿಯೂ ಒಂದು ಕೇಂದ್ರವನ್ನು ಹೊಂದಿರುವ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು, ಕೋಡಂಗಿ ಮೀನಿನ ಮರಿಗಳನ್ನು ತೊಟ್ಟಿಯಲ್ಲಿಯೇ ಹುಟ್ಟಿಸಿ ಬೆಳೆಸುವ ಕ್ರಮವನ್ನು ಸಾಧಿಸಿರುತ್ತಾರೆ. ಮನೆಗಳಲ್ಲಿ ಉಪ್ಪುನೀರಿನ ತೊಟ್ಟಿಯನ್ನಿಡುವವರೂ ಈಗ ಇದ್ದಾರೆ. ಕರಾವಳಿಯಲ್ಲಿ ನನ್ನ ಪರಿಚಿತರೊಬ್ಬರ ಮನೆಯಲ್ಲಿ ಅಂತಹ ಒಂದು ತೊಟ್ಟಿಯನ್ನು ಕಂಡು ಬಹಳ ಹೊತ್ತು ನಿಂತಿದ್ದೆನು. ಅದರ ವಿಚಾರವಾಗಿ ಅವರು ಹೇಳಿದ ಮಾತುಗಳೇ ಈ ಲೇಖನಕ್ಕೆ ಬೀಜ.

ಲೀಟರು ನೀರಿಗೆ ಸುಮಾರು ೩೫ ಗ್ರಾಮಿನಂತೆ ಸಮುದ್ರದ ಉಪ್ಪನ್ನು ಕರಗಿಸಿ ತೊಟ್ಟಿಯನ್ನು ತುಂಬಿದ ಕೂಡಲೇ ಮೀನನ್ನು ಬಿಡುವಂತಿಲ್ಲ. ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯವು ಅದಕ್ಕೇ ವಿಷ. ಆ ಅಮೋನಿಯವನ್ನು ಮೆಟ್ಟಿಲು ಮೆಟ್ಟಿಲಾಗಿ ನಿರಪಾಯ ವಸ್ತುವನ್ನಾಗಿ ಮಾರ್ಪಡಿಸುವ ಸೂಕ್ಷ್ಮಜೀವಿಗಳು ತೊಟ್ಟಿಯ ಕಲ್ಲುಮರಳಿನಲ್ಲಿ ನೆಲೆಗೊಳ್ಳಬೇಕು. ಅದಕ್ಕೆ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ತೊಟ್ಟಿಯು ಹಸಿ. ನಮ್ಮ ಹೊಲದಲ್ಲಿಯೂ ಗೊಬ್ಬರದ ಅಮೋನಿಯವನ್ನು ಬೆಳೆಗೆ ಒದಗುವ ರೂಪಕ್ಕೆ ತರುವವು ಇದೇ ಬಗೆಯ ಜೀವಿಗಳು. ತೊಟ್ಟಿಯು ಹಣ್ಣಾದ ಮೇಲೂ ನೀರನ್ನು ಒಮ್ಮೆಗೇ ಬದಲಿಸಕೂಡದು, ಹೊಸ ಮೀನುಗಳನ್ನು ಒಟ್ಟಿಗೇ ತಂದು ಸುರಿಯಕೂಡದು, ಆಹಾರವನ್ನು ಕೆಲವೇ ನಿಮಿಷಗಳಲ್ಲಿ ತಿಂದು ಮುಗಿಸುವಷ್ಟೇ ಹಾಕಬೇಕು. ಒಂದು ದಿನ ಆ ಮನೆಯ ಮಗುವೊಂದು, ಮೀನುಗಳು ಹಸಿದಿವೆಯೆಂದು ಕರುಣೆಯಿಂದ, ಡಬ್ಬಿಯಲ್ಲಿದ್ದ ಆಹಾರವನ್ನೆಲ್ಲ ಸುರಿದುಬಿಟ್ಟಿತಂತೆ. ಮರುದಿನ ನೀರು ಹಾಲಿನಂತಾಯಿತು. ಮೂರನೆಯ ದಿನ ಕಡಲ ಹೂವು ಕರಗಿ ನಾರಿತು. ಮೀನುಗಳು ಮೇಲೆ ತೇಲಿದುವು. “ನಾನು ಸಾಕುವುದು ಮೀನನ್ನಲ್ಲ, ನೀರನ್ನು, ನೀರು ಚೆನ್ನಾಗಿದ್ದರೆ ಮೀನು ತಾನಾಗಿ ಬದುಕುತ್ತದೆ” ಎಂದು ಅವರು ಹೇಳಿದ್ದು ನನ್ನ ಮನಸ್ಸಿನಲ್ಲಿ ನಿಂತಿತು.

ಇನ್ನು ಎತ್ತಿನ ವಿಷಯ. ಜೋಳದ ಸೊಪ್ಪೆ, ಭತ್ತದ ಹುಲ್ಲು ಇವುಗಳ ಬಹುಭಾಗವು ಸೆಲ್ಯುಲೋಸ್ ಎಂಬ ಗಡುಸಾದ ನಾರಾಗಿರುತ್ತದೆ. ಇದನ್ನು ಕರಗಿಸುವ ರಸವು ಮನುಷ್ಯನ ಹೊಟ್ಟೆಯಲ್ಲಿ ಹೇಗೆ ಇಲ್ಲವೋ ಹಾಗೆಯೇ ಎತ್ತಿನ ಮೈಯಲ್ಲಿಯೂ ಇಲ್ಲ! ಎತ್ತು ಸೊಪ್ಪೆಯನ್ನು ತಿಂದು ಬದುಕುತ್ತದೆಂದು ನಾವು ಹೇಳುವುದು ರೂಢಿಯ ಮಾತು. ಅದು ಸೊಪ್ಪೆಯನ್ನು ತಿನ್ನುವುದು ತನ್ನ ಹೊಟ್ಟೆಯೊಳಗಿನ ಅಸಂಖ್ಯಾತ ಒಡನಾಡಿಗಳಿಗಾಗಿ. ತಾನು ಬದುಕುವುದು ಅವು ಮಾಡಿಕೊಟ್ಟ ಅಡಿಗೆಯಿಂದ.

ಮೆಲುಕು ಹಾಕುವ ಪ್ರಾಣಿಗಳಿಗೆ ಹೊಟ್ಟೆಯಲ್ಲಿ ನಾಲ್ಕು ಕೋಣೆಗಳಿವೆ. ಮೊದಲನೆಯದೇ ಎಲ್ಲಕ್ಕಿಂತ ದೊಡ್ಡದಾಗಿ ಎಡಪಕ್ಕೆಯನ್ನೆಲ್ಲ ತುಂಬಿರುವುದು. ದೊಡ್ಡ ಗಾತ್ರದ ದನದಲ್ಲಿ ಅದು ೧೦೦ ಲೀಟರಿಗೂ ಮೇಲ್ಪಟ್ಟು ಹಿಡಿಯುತ್ತದೆ. ಇದನ್ನು ಒಂದು ತೊಟ್ಟಿಯೆಂದೇ ತಿಳಿಯತಕ್ಕದ್ದು. ಅದರ ಶಾಖವು ಸದಾ ಸುಮಾರು ೩೯ ಡಿಗ್ರಿ ಸೆಂಟಿಗ್ರೇಡು. ಗಾಳಿಯು ಅದರೊಳಗೆ ಇಲ್ಲವೆಂದೇ ಹೇಳಬಹುದು. ಅದರ ನೀರು ಉಪ್ಪುನೀರು. ಆ ಉಪ್ಪು ಬರುವುದು ಜೊಲ್ಲಿನಿಂದ. ದೊಡ್ಡ ದನವು ದಿನಕ್ಕೆ ೧೦೦ ಲೀಟರಿಗೂ ಮಿಗಿಲಾಗಿ ಜೊಲ್ಲನ್ನು ನುಂಗುತ್ತದೆ. ಅದರಲ್ಲಿ ಅಡಿಗೆ ಸೋಡದ ಅಂಶವು ಬೆರೆತಿರುವುದು. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ರಸಸಾರವೆಂಬ ಅಂಕೆಯನ್ನು ತಾವು ನೋಡಿರಬಹುದು. ಏಳಕ್ಕಿಂತ ಕಡಮೆಯಾದರೆ ಹುಳಿ, ಹೆಚ್ಚಾದರೆ ಕ್ಷಾರ. ಕಡಲ ನೀರಿನ ರಸಸಾರವೂ ಎತ್ತಿನ ಜೊಲ್ಲಿನ ರಸಸಾರವೂ ಹೆಚ್ಚು ಕಡಮೆ ಒಂದೇ, ಎಂಟರ ಸ್ವಲ್ಪ ಮೇಲೆ.

ಈ ತೊಟ್ಟಿಯಲ್ಲಿರುವ ಒಡನಾಡಿಗಳು ಯಾರು? ೧೮೪೩ರಲ್ಲಿ ಗ್ರೂಬಿ ಮತ್ತು ದೆಲಾಫೋಂ ಎಂಬ ಇಬ್ಬರು ವಿದ್ವಾಂಸರು ಫ್ರಾನ್ಸಿನಲ್ಲಿ ಇದರ ರಸವನ್ನು ಸೂಕ್ಷ್ಮದರ್ಶಕ ಯಂತ್ರದ ಕೆಳಗಿಟ್ಟು ನೋಡಿದಾಗ, ಮೈಯೆಲ್ಲ ರೋಮದಂತಹ ಹುಟ್ಟುಗಳನ್ನು ಬಡಿಯುತ್ತ ಈಜಾಡುವ ಪ್ರಾಣಿಗಳು ಕಂಡುಬಂದುವು. ಇವು ಒಂದೊಂದು ಮಿಲಿಲೀಟರಿಗೆ, ಅಂದರೆ ಸುಮಾರು ೨೦ ಹನಿಗಳಲ್ಲಿ, ಒಂದು ಲಕ್ಷದಿಂದ ಹತ್ತು ಲಕ್ಷದವರೆಗೆ ಇರುತ್ತವೆ. ಇವುಗಳಿಗಿಂತಲೂ ಚಿಕ್ಕವಾದ ಬ್ಯಾಕ್ಟೀರಿಯಗಳು ಅಷ್ಟೇ ರಸದಲ್ಲಿ ಸಾವಿರ ಕೋಟಿ! ಗಾಳಿಯಿಲ್ಲದೆ ಬದುಕುವ ಶಿಲೀಂಧ್ರಗಳೂ ಅಲ್ಲಿ ಇವೆಯೆಂಬುದನ್ನು ೧೯೭೫ರಲ್ಲಿ ಇಂಗ್ಲೆಂಡಿನ ಕಾಲಿನ್ ಆರ್ಪಿನ್ ಎಂಬವರು ತೋರಿಸಿದರು. ಕೆಲವು ಸೂಕ್ಷ್ಮಜೀವಿಗಳು ಆ ಈಜುವ ಪ್ರಾಣಿಗಳ ಮೈಯೊಳಗೇ ಒಕ್ಕಲಾಗಿದ್ದು, ಅವು ಬಿಡುವ ಜಲಜನಕ ವಾಯುವನ್ನು ಹೀರಿ ಬದುಕುತ್ತವೆ. ಎತ್ತು ತೇಗಿದಾಗ ಹೊರಬರುವ ಮೀಥೇನ್ ವಾಯುವು ಇಂತಹವುಗಳ ಕೆಲಸ. ಸಹಜೀವನದೊಳಗೆ ಮತ್ತೊಂದು ಸಹಜೀವನ.

ಸೂಕ್ಷ್ಮಜೀವಿಗಳು ನಾರನ್ನು ಒಡೆದು ಕೊಳೆಸಿ, ವಿನೆಗರಿನ ಜಾತಿಯ ಕೆಲವು ಆಮ್ಲಗಳನ್ನು ಉಂಟುಮಾಡುತ್ತವೆ. ಹೊಟ್ಟೆಯ ಗೋಡೆಯು ಅವುಗಳನ್ನು ಹೀರಿಕೊಳ್ಳುವುದು. ಎತ್ತು ನೇಗಿಲನ್ನೆಳೆಯುವ ಶಕ್ತಿಯಲ್ಲಿ ಸುಮಾರು ಶೇಕಡ ೭೦ರಷ್ಟು ಈ ಆಮ್ಲಗಳಿಂದಲೇ ದೊರೆತದ್ದು. ರಸದೊಡನೆ ಮುಂದಿನ ಕೋಣೆಗಳಿಗೆ ಹರಿದುಹೋದ ಸೂಕ್ಷ್ಮಜೀವಿಗಳನ್ನು ಎತ್ತು ಅಲ್ಲಿ ಅರಗಿಸಿಕೊಳ್ಳುವುದು. ಅದಕ್ಕೆ ಮಾಂಸ ಬೆಳೆಸುವ ಸತ್ವವು ದೊರೆಯುವುದು ಹೆಚ್ಚಾಗಿ ಇದರಿಂದ. ಪ್ರತಿಯಾಗಿ ಎತ್ತು ಮಾಡುವುದೇನೆಂದರೆ, ಮೇವನ್ನು ಕತ್ತರಿಸಿ ಒಳಗೆ ಕಳುಹಿಸುವುದು, ಶಾಖವನ್ನು ಒಂದೇ ಸಮನಾಗಿ ಕಾಯುವುದು, ಜೊಲ್ಲಿನಿಂದ ಹುಳಿಯನ್ನು ಮುರಿಯುವುದು. ದಿನಕ್ಕೆ ಆರರಿಂದ ಎಂಟು ಗಂಟೆಗಳ ಕಾಲ ಅದು ಮೆಲುಕು ಹಾಕುತ್ತ ಕುಳಿತಿರುವುದು ಸೋಮಾರಿತನವಲ್ಲ. ಅಗಿದಷ್ಟೂ ಜೊಲ್ಲು ಸುರಿಯುವುದು, ಜೊಲ್ಲು ಇಳಿದಷ್ಟೂ ತೊಟ್ಟಿಯು ಹದದಲ್ಲಿರುವುದು. ಅಗಿಸುವ ಮೇವೆಂದರೆ ಸೊಪ್ಪೆ, ಹುಲ್ಲು. ಕಾಳನ್ನು ಎತ್ತು ಅಗಿಯದೆ ನುಂಗುವುದೇ ಹೆಚ್ಚು.

ಈಗ ಮಾಗಳದ ಕಣಕ್ಕೆ ಹೋಗೋಣ. ಆ ರೈತರು ಮೆಕ್ಕೆಜೋಳದ ಕಾಳನ್ನು ಬಿಡಿಸಿ ಒಣಗಲು ಹರವಿ, ಸಂಜೆಗೆ ರಾಶಿ ಮಾಡಿ, ಮೇಲೆ ತಾಡಪಾಲನ್ನು ಎಳೆದು ಮಲಗಿದ್ದರು. ರಾತ್ರಿ ಜೋಡಿ ಎತ್ತುಗಳಲ್ಲಿ ಒಂದು ಹಗ್ಗ ಕಿತ್ತುಕೊಂಡು ರಾಶಿಗೆ ಬಾಯಿ ಹಾಕಿತು. ಇನ್ನೊಂದು ಕಟ್ಟಿದಲ್ಲಿಂದಲೇ ಎಟುಕಿದಷ್ಟು ತಿಂದಿತು. ಬೆಳಗ್ಗೆ ಅದರ ಹೊಟ್ಟೆ ತುಂಬಿ ಬಿಗಿದದ್ದನ್ನು ನೋಡಿ, ಹೋದ ಕಾಳು ಹೋಯಿತು, ಎತ್ತಿನ ಹೊಟ್ಟೆಗೇ ತಾನೆ ಸೇರಿದ್ದು ಎಂದು ಅವರು ಸಮಾಧಾನಪಟ್ಟುಕೊಂಡು ನೀರು ಕುಡಿಸಿದರು. ಆ ದಿನ ಅದು ಮೆಲುಕು ಹಾಕಲಿಲ್ಲ. ಸಂಜೆಗೆ ಹಲ್ಲು ಕಡಿಯತೊಡಗಿತು. ಹುಳಿ ನಾತದ ತೆಳ್ಳಗಿನ ಸಗಣಿ ಹೋಯಿತು. ಅಜೀರ್ಣವೆಂದು ತಿಳಿದು ಗೊಟ್ಟದಿಂದ ಎಣ್ಣೆ ಕುಡಿಸಿದರು. ಮರುದಿನ ಕುಡಿದವನಂತೆ ತೂರಾಡಿ, ಮಧ್ಯಾಹ್ನ ಬಿದ್ದು, ಕತ್ತನ್ನು ಪಕ್ಕೆಗೆ ತಿರುಗಿಸಿ ಮಲಗಿತು. ನಾನು ಅಲ್ಲಿಗೆ ಹೋದದ್ದೂ, ಪಶುವೈದ್ಯರಿಗೆ ಹೇಳಿಕಳುಹಿಸಿದ್ದೂ ಆ ಹೊತ್ತಿಗೆ. ಅವರು ಬಂದು ಮಾಡತಕ್ಕದ್ದನ್ನೆಲ್ಲ ಮಾಡಿದರು. ಕಡಮೆ ತಿಂದ ಎತ್ತು ಉಳಿಯಿತು, ಇದು ಉಳಿಯಲಿಲ್ಲ.

ಆ ಹೊಟ್ಟೆಯಲ್ಲಿ ನಡೆದದ್ದು ಮಗುವು ಡಬ್ಬಿ ಸುರಿದ ತೊಟ್ಟಿಯಲ್ಲಿ ನಡೆದದ್ದೇ. ನಾರನ್ನು ಒಡೆಯುವ ಜೀವಿಗಳು ಮೆಲ್ಲಗೆ ಕೆಲಸ ಮಾಡುವಂತಹವು. ಕಾಳಿನ ಹಿಟ್ಟು ರಾಶಿಯಾಗಿ ಒಳಬಿದ್ದೊಡನೆ, ಅಲ್ಲಿಯವರೆಗೆ ಅಲ್ಪಸಂಖ್ಯೆಯಲ್ಲಿ ಮೂಲೆಯಲ್ಲಿದ್ದ ಬೇರೆ ಬ್ಯಾಕ್ಟೀರಿಯಗಳು ಕೆಲವೇ ಗಂಟೆಗಳಲ್ಲಿ ಮಿತಿಮೀರಿ ಬೆಳೆದು, ಮೊಸರನ್ನು ಹುಳಿಮಾಡುವ ಲ್ಯಾಕ್ಟಿಕ್ ಆಮ್ಲವನ್ನೇ ಸುರಿಯುತ್ತವೆ. ಸೊಪ್ಪೆ ತಿನ್ನುವ ಎತ್ತಿನ ಹೊಟ್ಟೆಯಲ್ಲಿ ಆರರಿಂದ ಏಳರೊಳಗಿರುವ ರಸಸಾರವು ಐದಕ್ಕಿಂತಲೂ ಕೆಳಗೆ ಇಳಿಯುತ್ತದೆ. ಅಗಿಯುವ ಮೇವಿಲ್ಲವಾದ್ದರಿಂದ 
ಜೊಲ್ಲೂ ಬರುವುದಿಲ್ಲ. ಈಜುವ ಪ್ರಾಣಿಗಳೆಲ್ಲ ಸಾಯುತ್ತವೆ, ನಾರಿನ ಒಡನಾಡಿಗಳು ಅಳಿಯುತ್ತವೆ, ಹುಳಿಯು ಹೊಟ್ಟೆಯ ಗೋಡೆಯನ್ನು ಸುಡುತ್ತದೆ. ಮೈಯ ನೀರೆಲ್ಲ ಆ ಕೋಣೆಗೆ ಸೆಳೆಯಲ್ಪಟ್ಟು, ಹೊಟ್ಟೆಯಲ್ಲಿ ನೀರು ತುಂಬಿದ್ದರೂ ರಕ್ತವು ಬತ್ತಿ ಗಟ್ಟಿಯಾಗುವುದು. ಕೊನೆಗೆ ಹುಳಿಯು ರಕ್ತವನ್ನೇ ಸೇರುವುದು. ಹೊಟ್ಟೆ ತುಂಬ ತಿಂದ ಎತ್ತು ಸಾಯುವುದು ಹೀಗೆ. ಹವಳವು ಹೇಗೋ ಎತ್ತೂ ಹಾಗೆಯೇ ಮೊದಲು ಒಡನಾಡಿಗಳನ್ನು ಕಳೆದುಕೊಂಡಿತು.

ನನ್ನ ತಪ್ಪನ್ನೂ ಇಲ್ಲಿ ಹೇಳಬೇಕು. ಅದರ ಹಿಂದಿನ ವರ್ಷ ಅದೇ ಊರಿನಲ್ಲಿ ಸೇರಿದ್ದ ರೈತರ ಮುಂದೆ, ಉಳುಮೆಯ ದಿನಗಳಲ್ಲಿ ಎತ್ತುಗಳಿಗೆ ಮೆಕ್ಕೆಜೋಳವು ಬಹಳ ಶಕ್ತಿ ಕೊಡುವ ಆಹಾರವೆಂದು ನಾನು ಹೊಗಳಿ ಮಾತನಾಡಿದ್ದೆನು. ಮಾತು ಸುಳ್ಳಲ್ಲ. ಆದರೆ ಎಷ್ಟು, ಯಾವ ರೀತಿ, ಎಷ್ಟು ದಿನಗಳಲ್ಲಿ ಎಂಬುದನ್ನು ಬಿಡಿಸಿ ಹೇಳಿರಲಿಲ್ಲ. ರಾಶಿಯನ್ನು ತಿಂದ ಎತ್ತನ್ನು ಬೆಳಗ್ಗೆ ಕಂಡು ಆ ರೈತರು ಹೆದರದೆ ಹೋದದ್ದರಲ್ಲಿ ನನ್ನ ಭಾಷಣದ ಪಾಲೂ ಇದ್ದಿರಬೇಕು. ಆದಕಾರಣ ಈಗ ಬಿಡಿಸಿ ಹೇಳುತ್ತೇನೆ.

ಕೆಲಸದ ಎತ್ತಿಗೆ ದಿನಕ್ಕೆ ಒಂದೂವರೆ ಎರಡು ಕಿಲೋ ದಾಣಿ ಸಾಕಾಗುವುದು. ಅದನ್ನು ಮೊದಲ ದಿನವೇ ಕೊಡಕೂಡದು. ಅರ್ಧ ಕಿಲೋದಿಂದ ಆರಂಭಿಸಿ, ಮೂರು ಮೂರು ದಿನಕ್ಕೆ ಕಾಲು ಕಿಲೋದಂತೆ ಏರಿಸಿ, ಎರಡು ಮೂರು ವಾರಗಳಲ್ಲಿ ಪೂರ್ತಿ ಪ್ರಮಾಣಕ್ಕೆ ತರಬೇಕು. ಒಳಗಿನ ಜೀವಿಗಳು ಹೊಸ ಆಹಾರಕ್ಕೆ ಹೊಂದಿಕೊಳ್ಳಲು ಅಷ್ಟು ಕಾಲ ಬೇಕು. ಎರಡು ಹೊತ್ತಿಗೆ ಹಂಚಿ, ಮೊದಲು ಸೊಪ್ಪೆ ಹಾಕಿ ಆಮೇಲೆ ದಾಣಿ ಕೊಡುವುದು ಒಳ್ಳೆಯದು. ನುಣ್ಣಗೆ ಬೀಸಿದ ಹಿಟ್ಟು ಬೇಗ ಹುಳಿಯುವುದರಿಂದ ನುಚ್ಚೇ ಮೇಲು. ಮೈಲಾರದ ಕಾರಣಿಕಕ್ಕೋ ಕುರುವತ್ತಿಯ ಜಾತ್ರೆಗೋ ಬಂಡಿ ಕಟ್ಟಿಕೊಂಡು ಹೋಗುವವರು ಮನೆಯ ಸೊಪ್ಪೆಯನ್ನೇ ಬಂಡಿಯಲ್ಲಿ ಒಯ್ಯುವರಷ್ಟೆ. ಅದು ಬಹು ಒಳ್ಳೆಯ ಪದ್ಧತಿ. ಹಂತಿ ಕಟ್ಟಿ ತುಳಿಸುವಾಗ ಹಿರಿಯರು ಎತ್ತಿನ ಬಾಯಿಗೆ ಕುಕ್ಕೆ ಹಾಕುತ್ತಿದ್ದುದು ಜಿಪುಣತನದಿಂದ ಎಂದು ನಾನು ಚಿಕ್ಕಂದಿನಲ್ಲಿ ತಿಳಿದಿದ್ದೆನು. ಕಾಳಿನ ಉಳಿತಾಯದ ಜೊತೆಗೆ ಎತ್ತಿನ ಪ್ರಾಣವೂ ಅದರಿಂದ ಉಳಿಯುತ್ತಿತ್ತು. ಈಗ ಯಂತ್ರವು ಬಂದು ಕುಕ್ಕೆಯು ಹೋಯಿತು, ರಾಶಿಗಳು ಮಾತ್ರ ದೊಡ್ಡವಾದುವು.

ಮದುವೆ ಮನೆಗಳಲ್ಲಿ ಮಿಕ್ಕ ಅನ್ನ, ಪಾಯಸಗಳನ್ನು ಪುಣ್ಯವೆಂದು ಬುಟ್ಟಿಗಟ್ಟಲೆ ಹಸುಗಳ ಮುಂದೆ ಸುರಿಯುವುದು ಹೆಚ್ಚಾಗಿದೆ. ಬೆಂದ ಅನ್ನವು ಹಸಿ ಕಾಳಿಗಿಂತಲೂ ಬೇಗ ಹುಳಿಯುವುದು. ಗ್ರಾಮದ ಪ್ರಮುಖರು ಈ ವಿಷಯದಲ್ಲಿ ಒಂದು ಮಾತು ಹೇಳಿದರೆ ಜನರು ಕೇಳುವರು. ಇನ್‌ಸ್ಪೆಕ್ಟರನ ಮಾತಿಗೆ ಮದುವೆ ಮನೆಯಲ್ಲಿ ಅಷ್ಟು ಬೆಲೆಯಿಲ್ಲ.

ದನವು ರಾಶಿಗೆ ಬಾಯಿ ಹಾಕಿದ್ದು ಗೊತ್ತಾದರೆ, ಅದು ಚೆನ್ನಾಗಿಯೇ ಇರುವಂತೆ ಕಂಡರೂ, ಆ ಕ್ಷಣವೇ ಪಶುವೈದ್ಯರಿಗೆ ತಿಳಿಸತಕ್ಕದ್ದು. ೧೯೬೨ ಎಂಬ ದೂರವಾಣಿ ಸಂಖ್ಯೆಯಿಂದಲೂ ಸಹಾಯವನ್ನು ಕೇಳಬಹುದು. ಮೊದಲ ಕೆಲವು ಗಂಟೆಗಳಲ್ಲಿ ಚಿಹ್ನೆಗಳು ಹೆಚ್ಚಾಗಿ ತೋರುವುದಿಲ್ಲ. ನೆಲಕ್ಕೆ ಬೀಳುವುದು ೨೪ರಿಂದ ೪೮ ಗಂಟೆಗಳ ಒಳಗೆ. ಉಳಿಸಿಕೊಳ್ಳಲು ಸಾಧ್ಯವಾಗುವುದು ಮಾತ್ರ ಆ ಮೊದಲ ಗಂಟೆಗಳಲ್ಲಿಯೇ. ವೈದ್ಯರು ಬರುವವರೆಗೆ ಕಾಳನ್ನು ದೂರಮಾಡಿ, ಒಣ ಸೊಪ್ಪೆಯನ್ನು ಮುಂದಿಡಬೇಕು. ಬಕೆಟ್ಟುಗಟ್ಟಲೆ ನೀರನ್ನು ಒಮ್ಮೆಗೇ ಕುಡಿಸಬಾರದು. ನಿಲ್ಲಬಲ್ಲ ದನವನ್ನು ಮೆಲ್ಲಗೆ ನಡೆದಾಡಿಸಬಹುದು. ತಲೆಯನ್ನು ಮೇಲೆತ್ತಿ ಹಿಡಿದು ಗೊಟ್ಟದಿಂದ ಏನನ್ನಾದರೂ ಸುರಿದರೆ ಅದು ಶ್ವಾಸನಾಳವನ್ನು ಸೇರಿ ಬೇರೊಂದು ರೋಗವಾಗುವುದುಂಟು. ಅಡಿಗೆ ಸೋಡವು ಹುಳಿಯನ್ನು ಮುರಿಯುವುದು ನಿಜವಾದರೂ, ಎಷ್ಟು ಕೊಡಬೇಕೆಂಬುದು ದನದ ತೂಕವನ್ನೂ ಸ್ಥಿತಿಯನ್ನೂ ನೋಡಿ ವೈದ್ಯರು ಹೇಳತಕ್ಕ ಮಾತು. ಚೇತರಿಸಿಕೊಂಡ ದನಕ್ಕೆ, ಆರೋಗ್ಯವಾದ ದನದ ಮೊದಲ ಹೊಟ್ಟೆಯ ರಸವನ್ನು ತೆಗೆದು ಕುಡಿಸುವ ಚಿಕಿತ್ಸೆಯೂ ಉಂಟು. ಹಳೆಯ ತೊಟ್ಟಿಯ ಮರಳನ್ನು ಹೊಸ ತೊಟ್ಟಿಗೆ ಹಾಕುವಂತೆ, ಸತ್ತ ಒಡನಾಡಿಗಳ ಬದಲಿಗೆ ಹೊಸ ಒಕ್ಕಲನ್ನು ಕರೆತರುವುದೆಂದು ಇದನ್ನು ತಿಳಿಯಬಹುದು. ಮಾಗಳದಲ್ಲಿ ಉಳಿದ ಎತ್ತು ಮತ್ತೆ ಮೆಲುಕು ಹಾಕಿದ್ದು ಈ ಚಿಕಿತ್ಸೆಯ ಮೂರನೆಯ ದಿನ.

ಒಡನಾಡಿಗಳಿಂದಲೇ ಕೇಡಾಗುವ ಸಂದರ್ಭಗಳು ಎರಡಿವೆ. ಮಳೆ ಕೈಕೊಟ್ಟು ಗಿಡ್ಡಾದ ಎಳೆಯ ಜೋಳದಲ್ಲಿಯೂ ಕೊಯ್ದ ಮೇಲೆ ಚಿಗುರುವ ಕೂಳೆ ಜೋಳದಲ್ಲಿಯೂ ಒಂದು ವಸ್ತುವಿದ್ದು, ಹೊಟ್ಟೆಯ ಸೂಕ್ಷ್ಮಜೀವಿಗಳು ಅದನ್ನು ಒಡೆದೊಡನೆ ಸಯನೈಡ್ ವಿಷವು ಹೊರಬರುವುದು. ಕೂಳೆ ಮೇದ ದನವು ನಿಂತಲ್ಲೇ ಬಿದ್ದದ್ದನ್ನು ನಮ್ಮ ಸೀಮೆಯವರು ಬಲ್ಲರು; ಇದಕ್ಕೆ ಮದ್ದುಂಟು, ಹೊತ್ತು ಮಾತ್ರ ಇಲ್ಲ. ಎರಡನೆಯದು ಯೂರಿಯ. ೧೦೦ ಕಿಲೋ ಒಣಹುಲ್ಲಿಗೆ ೪ ಕಿಲೋ ಯೂರಿಯವನ್ನು ಸುಮಾರು ೫೦ ಲೀಟರು ನೀರಿನಲ್ಲಿ ಕರಗಿಸಿ ಚಿಮುಕಿಸಿ, ಗಾಳಿಯಾಡದಂತೆ ಮೂರು ವಾರ ಮುಚ್ಚಿಟ್ಟರೆ ಹುಲ್ಲು ಮೆತ್ತಗಾಗುವುದು, ಸತ್ವವೂ ಹೆಚ್ಚುವುದು; ಸೂಕ್ಷ್ಮಜೀವಿಗಳು ಅದರ ಅಮೋನಿಯದಿಂದ ತಮ್ಮ ಮೈಯನ್ನು ಬೆಳೆಸಿಕೊಂಡು ಎತ್ತಿಗೆ ಊಟವಾಗುತ್ತವೆ. ಆರು ತಿಂಗಳೊಳಗಿನ ಕರುಗಳಿಗೆ ಇದನ್ನು ಕೊಡಕೂಡದು. ಗೋದಲಿಯ ಬಳಿ ಇಟ್ಟ ಯೂರಿಯದ ಚೀಲವನ್ನು ದನವು ನೆಕ್ಕಿದರೆ ಅಥವಾ ಅದು ಕರಗಿದ ನೀರನ್ನು ಕುಡಿದರೆ, ಅಮೋನಿಯವು ಒಮ್ಮೆಗೇ ನುಗ್ಗಿ ಕೆಲವು ಗಂಟೆಗಳಲ್ಲಿ ಪ್ರಾಣವು ಹೋಗುವುದು. ಗೊಬ್ಬರದ ಕೋಣೆಯೂ ದನದ ಕೊಟ್ಟಿಗೆಯೂ ಬೇರೆ ಬೇರೆ ಇರಬೇಕು.

ಕರುಗಳ ಸಂಬಂಧವಾಗಿ ಒಂದು ವಿಷಯ ಉಳಿಯಿತು. ಕರುವು ಹುಟ್ಟುವಾಗ ಅದರ ಮೊದಲ ಹೊಟ್ಟೆಯು ಚಿಕ್ಕದು. ಈಜುವ ಪ್ರಾಣಿಗಳು ಅದರೊಳಗೆ ಇರುವುದಿಲ್ಲ. ತಾಯಿ ನೆಕ್ಕುವುದರಿಂದಲೂ, ತಾಯಿ ಬಾಯಿ ಹಾಕಿದ ಮೇವನ್ನೇ ತಾನೂ ಕಚ್ಚುವುದರಿಂದಲೂ ಅವು ಕರುವಿಗೆ ದಾಟಿಬರುತ್ತವೆ. ಹಾಲು ಉಳಿಯಲೆಂದು ಕರುವನ್ನು ದೂರದಲ್ಲಿ ಒಂಟಿಯಾಗಿ ಕಟ್ಟುವವರು, ಎರಡನೆಯ ವಾರದಿಂದಲಾದರೂ ಅದಕ್ಕೆ ದೊಡ್ಡ ದನಗಳ ಸಹವಾಸವನ್ನೂ ಎಳೆಯ ಒಣಹುಲ್ಲನ್ನೂ ಒದಗಿಸಬೇಕು. ತೊಟ್ಟಿಯು ಹಣ್ಣಾಗಲು ಸುಮಾರು ಮೂರು ತಿಂಗಳು.

ಈ ಸಲ ಮಾಗಳಕ್ಕೆ ಹೋದಾಗ ಆ ರೈತರು ಕಣದ ಸುತ್ತ ಜಾಲಿಯ ಮುಳ್ಳನ್ನು ಒಡ್ಡಿ, ಎತ್ತುಗಳನ್ನು ಮನೆಯ ಹಿತ್ತಲಿಗೆ ಕಟ್ಟುವ ಏರ್ಪಾಡು ಮಾಡಿದ್ದರು. ಉಳಿದ ಎತ್ತಿಗೆ ಹೊಸ ಜೊತೆ ಬಂದಿದೆ. ನಾವು ಮಾತನಾಡುತ್ತ ನಿಂತಿದ್ದಾಗ ಎರಡೂ ಬೇವಿನ ನೆರಳಿನಲ್ಲಿ ಮಲಗಿ ಮೆಲುಕು ಹಾಕುತ್ತಿದ್ದುವು. ಅವರ ಮಗನು ಅದರ ಎಡಪಕ್ಕೆಗೆ ಕಿವಿಯಿಟ್ಟು, ಒಳಗೆ ಗುಡುಗಿದಂತೆ ಶಬ್ದವಾಗುತ್ತದೆಂದು ಹೇಳಿದನು. ಆರೋಗ್ಯವಾದ ಎತ್ತಿನಲ್ಲಿ ಆ ಶಬ್ದವು ನಿಮಿಷಕ್ಕೆ ಒಂದೆರಡು ಸಲ ಕೇಳಿಬರುವುದು. ದನವು ಮಂಕಾದ ದಿನ ಯಾರು ಬೇಕಾದರೂ ಕಿವಿಯಿಟ್ಟು ಪರೀಕ್ಷಿಸಿ ನೋಡಬಹುದು.